ಪರ್ವತದ ದಾರಿ: ಕನ್ನಡಿಗರ ಶ್ರೀಶೈಲ ಪಾದಯಾತ್ರೆ ಮತ್ತು ಕನ್ನಡ ಕಾವ್ಯ

ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ‘ಪರ್ವತಕ್ಕೆ ಹೊಂಟೀವಿ’ ಎಂಬ ಮಾತು ಕೇಳಿಬರುತ್ತದೆ. ಯಾವ ಪರ್ವತ ಎಂದು ಯಾರೂ ಕೇಳುವುದಿಲ್ಲ. ಆ ಭಾಗದ ಜನರಿಗೆ ಪರ್ವತವೆಂದರೆ ಒಂದೇ. ಅದು ಆಂಧ್ರಪ್ರದೇಶದ ನಲ್ಲಮಲ ಕಾಡಿನ ನಡುವೆ, ಕೃಷ್ಣಾ ನದಿಯ ಬಲದಂಡೆಯ ಮೇಲೆ ಇರುವ ಶ್ರೀಶೈಲ. ಮಲ್ಲಿಕಾರ್ಜುನ ಅವರಿಗೆ ಮಲ್ಲಯ್ಯ. ಮಕ್ಕಳಿಗೆ ಪರ್ವತಪ್ಪ, ಪರ್ವತಗೌಡ, ಶ್ರೀಶೈಲಪ್ಪ, ಮಲ್ಲಪ್ಪ, ಮಲ್ಲಮ್ಮ ಎಂದು ಹೆಸರಿಡುವ ರೂಢಿಯೂ ಈ ನಂಟಿನಿಂದಲೇ ಬಂದುದು. ಬೇರೆ ರಾಜ್ಯದ, ಬೇರೆ ಭಾಷೆಯ ಪ್ರದೇಶದ ಒಂದು ದೇವಾಲಯವನ್ನು ಕನ್ನಡದ ಹಳ್ಳಿಗಳು ಇಷ್ಟು ಸಹಜವಾಗಿ ತಮ್ಮದೆಂದು ಭಾವಿಸುವುದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಯನ್ನು ಪ್ರತಿ ವರ್ಷ ಯುಗಾದಿಗೆ ನಡೆಯುವ ಪಾದಯಾತ್ರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಸಾಹಿತ್ಯದ ಅಧ್ಯಯನದಲ್ಲಿ ಶ್ರೀಶೈಲವನ್ನು, ಅದರಲ್ಲೂ ಅಲ್ಲಿನ ಕದಳಿಯನ್ನು, ಬಹುಮಟ್ಟಿಗೆ ತಾತ್ತ್ವಿಕ ಸಂಕೇತವಾಗಿ ನೋಡಲಾಗಿದೆ. ಸ್ನಾತಕೋತ್ತರ ತರಗತಿಯಲ್ಲಿ ನಾನೂ ಕದಳಿಯೆಂದರೆ ದೇಹ, ಮನಸ್ಸು, ಸಂಸಾರ ಎಂಬ ವಿವರಣೆಯನ್ನೇ ಬರೆದುಕೊಂಡವನು. ಆ ವಿವರಣೆ ತಪ್ಪಲ್ಲ. ಆದರೆ ಸಂಕೇತವಾಗುವುದಕ್ಕೆ ಮೊದಲು ಅದೊಂದು ಸ್ಥಳ. ಆ ಸ್ಥಳಕ್ಕೆ ಹೋಗುವ ದಾರಿಯೊಂದಿದೆ. ಆ ದಾರಿಯಲ್ಲಿ ಇಂದಿಗೂ ಜನರು ನಡೆಯುತ್ತಿದ್ದಾರೆ. ಕಾವ್ಯಗಳು ಹೇಳುವ ಸಂಗತಿಗಳನ್ನು ಈ ನಡಿಗೆಯೊಡನೆ ಇಟ್ಟು ನೋಡಿದಾಗ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ.

1. ಕ್ಷೇತ್ರ ಮತ್ತು ಅದರ ಪ್ರಾಚೀನತೆ

ಶ್ರೀಶೈಲ, ಶ್ರೀಗಿರಿ, ಶ್ರೀಪರ್ವತ ಎಂಬ ಹೆಸರುಗಳಿಂದ ಪ್ರಸಿದ್ಧವಾದ ಈ ಕ್ಷೇತ್ರವು ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು. ಭ್ರಮರಾಂಬೆಯ ಸನ್ನಿಧಿ ಶಕ್ತಿಪೀಠವೆಂದು ಮಾನ್ಯವಾಗಿದೆ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಪಂಡಿತಾರಾಧ್ಯ ಪೀಠವೂ ಇಲ್ಲಿಯದೇ. ಹೀಗೆ ಮೂರು ಪರಂಪರೆಗಳು ಒಂದೇ ಬೆಟ್ಟದ ಮೇಲೆ ನೆಲೆಗೊಂಡಿವೆ. ಕ್ಷೇತ್ರಕ್ಕೆ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಬಾಗಿಲುಗಳನ್ನು ಸಂಪ್ರದಾಯ ಹೇಳುತ್ತದೆ: ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಆಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ಇವುಗಳಲ್ಲಿ ಪಶ್ಚಿಮದ ಬಾಗಿಲಾದ ಆಲಂಪುರದಲ್ಲಿ ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿವೆ. ಕನ್ನಡ ನಾಡಿನ ಕಡೆಗೆ ತೆರೆದ ಬಾಗಿಲನ್ನು ಕನ್ನಡ ಅರಸರೇ ಅಲಂಕರಿಸಿದರೆಂಬುದು ಗಮನಾರ್ಹ.

ಸಂಬಂಧ ಇನ್ನೂ ಹಿಂದಕ್ಕೆ ಹೋಗುತ್ತದೆ. ಕದಂಬ ರಾಜ್ಯದ ಸ್ಥಾಪಕ ಮಯೂರಶರ್ಮನು ಶ್ರೀಪರ್ವತದ ಬಾಗಿಲವರೆಗೆ ಹಬ್ಬಿದ ಕಾಡನ್ನು ನೆಲೆಯಾಗಿಸಿಕೊಂಡು ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿದನೆಂದು ತಾಳಗುಂದದ ಸ್ತಂಭಶಾಸನ ತಿಳಿಸುತ್ತದೆ. ಇಲ್ಲಿನ ಶ್ರೀಪರ್ವತವನ್ನು ಶ್ರೀಶೈಲವೆಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ತಾಳಗುಂದ ಇರುವುದು ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿ. ಅಕ್ಕಮಹಾದೇವಿಯ ಹುಟ್ಟೂರಾದ ಉಡುತಡಿ ಎಂದು ಗುರುತಿಸಲಾಗುವ ಉಡುಗಣಿಯೂ ಅದೇ ತಾಲ್ಲೂಕಿನದು. ಶತಮಾನಗಳ ಅಂತರದಲ್ಲಿ ಒಂದೇ ಸೀಮೆಯಿಂದ ಒಬ್ಬನು ರಾಜ್ಯ ಕಟ್ಟುವವನಾಗಿ, ಇನ್ನೊಬ್ಬಳು ಅರಸನನ್ನೇ ತೊರೆದವಳಾಗಿ ಅದೇ ಕಾಡನ್ನು ಹೊಕ್ಕರು.

ಸಂಸ್ಕೃತ ಸಾಹಿತ್ಯದಲ್ಲಿ ಶ್ರೀಪರ್ವತವು ಸಿದ್ಧರ, ಕಾಪಾಲಿಕರ ನೆಲೆ. ಎಂಟನೆಯ ಶತಮಾನದ ಭವಭೂತಿಯ ‘ಮಾಲತೀಮಾಧವ’ ನಾಟಕ ಇದಕ್ಕೆ ಪ್ರಸಿದ್ಧ ಉದಾಹರಣೆ. ಈಗ ಕಾಣುವ ಕಟ್ಟಡಗಳಲ್ಲಿ ಬಹುಭಾಗ ಇದಕ್ಕಿಂತ ಈಚಿನದು, ವಿಶೇಷವಾಗಿ ವಿಜಯನಗರ ಕಾಲದ್ದು. ಎರಡನೆಯ ಹರಿಹರನ ರಾಣಿ ವಿಠಲಾಂಬೆ 1393ರಲ್ಲಿ ಪಾತಾಳಗಂಗೆಗೆ ಮೆಟ್ಟಿಲುಗಳನ್ನು ಕಟ್ಟಿಸಿದಳು. ಮಲ್ಲಿಕಾರ್ಜುನನ ಗುಡಿಯ ಮುಖಮಂಟಪ ಎರಡನೆಯ ಹರಿಹರನ ಕಾಲದ್ದು. 1515ರಲ್ಲಿ ಕೊಂಡವೀಡನ್ನು ಗೆದ್ದ ಬಳಿಕ ಇಲ್ಲಿಗೆ ಬಂದ ಕೃಷ್ಣದೇವರಾಯನು ರಥಬೀದಿಯಲ್ಲಿ ಮಂಟಪಗಳನ್ನು ಕಟ್ಟಿಸಿದನು. 1677ರಲ್ಲಿ ಶಿವಾಜಿ ಬಂದುಹೋದನು.

ಯಾತ್ರಿಕನು ನಿಂತು ನೋಡಬೇಕಾದದ್ದು ದೇವಾಲಯವನ್ನು ಸುತ್ತುವರಿದ ಪ್ರಾಕಾರದ ಗೋಡೆ. ಅದರ ಹೊರಮೈಯಲ್ಲಿ ಆನೆಗಳ ಸಾಲು, ಬೇಟೆಯ ದೃಶ್ಯಗಳು, ಕಿರಾತಾರ್ಜುನೀಯ, ಮಾರ್ಕಂಡೇಯನ ಕಥೆ, ಭಿಕ್ಷಾಟನ ಶಿವ, ಯೋಗಿಗಳು ಮತ್ತು ಸಿದ್ಧರು ಸಾಲುಸಾಲಾಗಿ ಮೂಡಿದ್ದಾರೆ. ಒಳಗಿನ ಮಲ್ಲಿಕಾರ್ಜುನನ ಗುಡಿ ಇದರ ಮುಂದೆ ಚಿಕ್ಕದು. ಬೇಟೆಗಾರನಾಗಿ ಬಂದು ಚೆಂಚು ಹುಡುಗಿಯನ್ನು ವರಿಸಿದ ಚೆಂಚು ಮಲ್ಲಯ್ಯನ ಕಥೆ ಈ ಕಾಡಿನ ಮೂಲನಿವಾಸಿಗಳಾದ ಚೆಂಚುಗಳಲ್ಲಿ ಇಂದಿಗೂ ಜೀವಂತವಾಗಿದೆ. ಶಿವನು ಅವರಿಗೆ ಅಳಿಯ. ಈ ಬಂಧುತ್ವದ ಭಾಷೆ ಕನ್ನಡ ಯಾತ್ರಿಕರಲ್ಲಿಯೂ ಕಾಣಿಸುವುದನ್ನು ಮುಂದೆ ನೋಡಬಹುದು.

2. ದಾರಿ

ಶ್ರೀಶೈಲಕ್ಕೆ ಎರಡು ದೊಡ್ಡ ಜನಸಾಗರಗಳು ಹರಿದುಬರುತ್ತವೆ. ಮಹಾಶಿವರಾತ್ರಿಯಲ್ಲಿ ತೆಲುಗು ನಾಡಿನವರದು ಪ್ರಾಧಾನ್ಯ. ಅಂದು ರಾತ್ರಿ ನಡೆಯುವ ‘ಪಾಗಾಲಂಕರಣ’ದಲ್ಲಿ ದೇವಾಂಗ ನೇಕಾರನೊಬ್ಬ ವರ್ಷವಿಡೀ ದಿನಕ್ಕೊಂದು ಮೊಳದಂತೆ ನೇಯ್ದ ಬಟ್ಟೆಯನ್ನು ಕತ್ತಲೆಯಲ್ಲಿ ದೇವಾಲಯದ ಶಿಖರಕ್ಕೆ ಪೇಟದಂತೆ ಸುತ್ತುತ್ತಾನೆ. ಮುಂದಿನ ತಿಂಗಳ ಯುಗಾದಿಯಾದರೋ ಮುಖ್ಯವಾಗಿ ಕನ್ನಡಿಗರದು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳಿಂದಲೂ ಮಹಾರಾಷ್ಟ್ರದ ಸೊಲ್ಲಾಪುರದ ಕಡೆಯಿಂದಲೂ ಜನರು ನಡೆದುಕೊಂಡು ಬರುತ್ತಾರೆ. ದೂರದ ಊರಿನವರಿಗೆ ಇದು ಹತ್ತು-ಹದಿನೈದು ದಿನಗಳ ನಡಿಗೆ.

ತಂಡದ ಮುಂದೆ ಕಂಬಿ ಸಾಗುತ್ತದೆ. ಹೆಗಲ ಮೇಲೆ ಹೊರುವ, ಅಲಂಕರಿಸಿದ ಈ ಕಂಬಿಯನ್ನು ಊರಿನವರು ಮಲ್ಲಯ್ಯನೆಂದೇ ಕಾಣುತ್ತಾರೆ. ಹೊರಡುವಾಗ ಊರು ಅದನ್ನು ಬೀಳ್ಕೊಡುತ್ತದೆ. ಮರಳಿ ಬಂದಾಗ ಎದುರುಗೊಳ್ಳುತ್ತದೆ. ಹೀಗಾಗಿ ಇಲ್ಲಿ ಭಕ್ತನು ದೇವರ ಬಳಿಗೆ ಹೋಗುತ್ತಿದ್ದಾನೆ ಎನ್ನುವುದು ಅರ್ಧಸತ್ಯ. ಊರಿನ ದೇವರೂ ಅವನೊಡನೆ ನಡೆಯುತ್ತಿದ್ದಾನೆ. ಕೆಲವರು ಹರಕೆಯಾಗಿ ಮರಗಾಲು ಕಟ್ಟಿಕೊಂಡು ಈ ದೂರವನ್ನು ಕ್ರಮಿಸುತ್ತಾರೆ. ದಾರಿಯುದ್ದಕ್ಕೂ ಊರವರು ಅನ್ನ, ಮಜ್ಜಿಗೆ, ನೀರು ನೀಡುತ್ತಾರೆ. ಬೊಬ್ಬೆಯೆದ್ದ ಕಾಲುಗಳಿಗೆ ಎಣ್ಣೆ, ಮುಲಾಮು ಹಚ್ಚುತ್ತಾರೆ. ಹೋಗಲಾಗದವರು ಹೋಗುವವರ ಕಾಲನ್ನು ಮುಟ್ಟುವ ಮೂಲಕ ಯಾತ್ರೆಯಲ್ಲಿ ಪಾಲು ಪಡೆಯುತ್ತಾರೆ. ದಾಸೋಹ ಎಂಬ ಪದದ ಅರ್ಥವನ್ನು ನಿಘಂಟಿನಲ್ಲಿ ಹುಡುಕುವವರು ಮಾರ್ಚ್ ತಿಂಗಳ ಬಿಸಿಲಿನಲ್ಲಿ ರಾಯಚೂರು ಜಿಲ್ಲೆಯ ಯಾವುದಾದರೂ ರಸ್ತೆಬದಿಯಲ್ಲಿ ಒಂದು ದಿನ ನಿಲ್ಲುವುದು ಒಳ್ಳೆಯದು.

ಕರ್ನೂಲಿನ ಮಾರ್ಗವಾಗಿ ಆತ್ಮಕೂರನ್ನು ತಲುಪಿದ ಮೇಲೆ ವೆಂಕಟಾಪುರದ ಬಳಿ ಕಾಡಿನ ದಾರಿ ಆರಂಭವಾಗುತ್ತದೆ. ನಾಗಲೂಟಿಯ ವೀರಭದ್ರ ದೇವಾಲಯ, ಪೆದ್ದಚೆರುವು, ಭೀಮುನಿ ಕೊಲನು ಎಂಬ ಆಳವಾದ ಕಣಿವೆ, ಅಲ್ಲಿಂದ ಕಡಿದಾದ ಏರು ಹತ್ತಿದರೆ ಕೈಲಾಸದ್ವಾರ. ಅನಂತರ ಹಾಟಕೇಶ್ವರ, ಕೊನೆಗೆ ಶ್ರೀಶೈಲ. ಈ ದಾರಿಯ ಮೆಟ್ಟಿಲುಗಳನ್ನು ಕೊಂಡವೀಡಿನ ರೆಡ್ಡಿ ದೊರೆ ಪ್ರೋಲಯ ವೇಮಾರೆಡ್ಡಿ ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿಸಿದನೆಂದು ಹೇಳಲಾಗುತ್ತದೆ. ಇದು ಈಗ ಹುಲಿ ಸಂರಕ್ಷಿತ ಅರಣ್ಯ. ಆದ್ದರಿಂದ ಶಿವರಾತ್ರಿ, ಯುಗಾದಿಗಳಂಥ ಸಂದರ್ಭಗಳಲ್ಲಿ ಮಾತ್ರ ಅರಣ್ಯ ಇಲಾಖೆಯ ಅನುಮತಿಯೊಡನೆ ಈ ದಾರಿ ತೆರೆಯುತ್ತದೆ. ಯುಗಾದಿಯ ಹೊತ್ತಿಗೆ ಮರಗಳು ಎಲೆಯುದುರಿಸಿರುತ್ತವೆ, ಹಳ್ಳಗಳು ಬತ್ತಿರುತ್ತವೆ. ಕಣಿವೆಯಿಂದ ಕೈಲಾಸದ್ವಾರದ ಕಡೆಗೆ ಹತ್ತುವಾಗ ಜನರು ಮಾತು ನಿಲ್ಲಿಸುತ್ತಾರೆ. ಆಗ ಕೇಳುವುದು ಏದುಸಿರು, ನಡುನಡುವೆ ಮಲ್ಲಯ್ಯನನ್ನು ಕರೆಯುವ ಕೂಗು. ಈ ಕೂಗಿಗೆ ಕನ್ನಡ ಕಾವ್ಯದಲ್ಲಿ ದೊಡ್ಡ ಸ್ಥಾನವಿದೆ.

3. ಕಾವ್ಯದ ಯಾತ್ರಿಕರು

ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಸೊನ್ನಲಿಗೆಯ ಬಾಲಕ ಸಿದ್ಧರಾಮನು ನವಣೆಯ ಹೊಲ ಕಾಯುತ್ತಿದ್ದಾಗ ಜಂಗಮರೂಪದಲ್ಲಿ ಮಲ್ಲಯ್ಯ ಬರುತ್ತಾನೆ. ಹಸಿವೆಂದು ಮೊಸರನ್ನವನ್ನು ಬಯಸುತ್ತಾನೆ. ಬಾಲಕ ಮನೆಗೆ ಓಡಿ ತಾಯಿಯಿಂದ ಅದನ್ನು ತರುವಷ್ಟರಲ್ಲಿ ಜಂಗಮನಿಲ್ಲ. ಬಾಲಕ ಮಲ್ಲಯ್ಯನ ಹೆಸರು ಹಿಡಿದು ಅಳುತ್ತಾ ಅಲೆಯುತ್ತಾನೆ. ಆಗ ಆ ದಾರಿಯಲ್ಲಿ ಶ್ರೀಶೈಲಕ್ಕೆ ಹೊರಟ ಯಾತ್ರಿಕರು ಸಿಗುತ್ತಾರೆ. ನಿನ್ನ ಮಲ್ಲಯ್ಯನನ್ನು ತೋರಿಸುತ್ತೇವೆಂದು ಅವನನ್ನು ಕರೆದೊಯ್ಯುತ್ತಾರೆ.

ಇಲ್ಲಿ ಎರಡು ಸಂಗತಿಗಳು ಮುಖ್ಯವೆನಿಸುತ್ತವೆ. ಮೊದಲನೆಯದು, ಸೊನ್ನಲಿಗೆ ಅಂದರೆ ಇಂದಿನ ಸೊಲ್ಲಾಪುರದ ಸೀಮೆಯಿಂದ ಶ್ರೀಶೈಲಕ್ಕೆ ಗುಂಪಾಗಿ ನಡೆದುಹೋಗುವ ಪದ್ಧತಿ ರಾಘವಾಂಕನ ಕಾಲಕ್ಕೆ, ಎಂದರೆ ಹದಿಮೂರನೆಯ ಶತಮಾನದ ಹೊತ್ತಿಗೆ, ವಿವರಣೆ ಬೇಡುವಷ್ಟು ಹೊಸದಾಗಿರಲಿಲ್ಲ. ಕವಿಗೆ ಅದು ಕಥೆಯ ನಡುವೆ ಸಲೀಸಾಗಿ ತರಬಹುದಾದ ಪರಿಚಿತ ದೃಶ್ಯ. ಎರಡನೆಯದು ಇನ್ನೂ ಗಹನವಾದುದು. ಯಾತ್ರಿಕರು ಗುಡಿಯೊಳಗಿನ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದಾಗ ಬಾಲಕ ಒಪ್ಪುವುದಿಲ್ಲ. ಹೊಲಕ್ಕೆ ಬಂದು ಊಟ ಕೇಳಿದವನು ಅವನಿಗೆ ಬೇಕು. ಬೆಟ್ಟದಲ್ಲೆಲ್ಲ ಹುಡುಕಿ, ಕಾಣದೆ, ಕೊನೆಗೆ ಕಮರಿಗೆ ಬೀಳಹೊರಟಾಗ ಮಲ್ಲಯ್ಯನೇ ಬಂದು ಕೈಹಿಡಿಯುತ್ತಾನೆ. ಕ್ಷೇತ್ರವನ್ನು ತಲುಪುವುದೇ ಯಾತ್ರೆಯ ಕೊನೆಯಲ್ಲ, ಗುರುತಿನ ಮುಖವನ್ನು ಕಾಣುವುದು ಕೊನೆ ಎಂಬ ಈ ಭಾವ ಪಾದಯಾತ್ರಿಕರ ನಡವಳಿಕೆಯಲ್ಲಿಯೂ ಇದೆ. ಊರಿನಿಂದ ಕಂಬಿ ಹೊತ್ತು ಬರುವವನಿಗೆ ಮಲ್ಲಯ್ಯ ಮೊದಲೇ ಪರಿಚಿತ. ಶ್ರೀಶೈಲದಿಂದ ಹಿಂದಿರುಗಿದ ಸಿದ್ಧರಾಮನು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಲಿಂಗಗಳನ್ನು ಸ್ಥಾಪಿಸಿ ಅದನ್ನು ಅಭಿನವ ಶ್ರೀಶೈಲವನ್ನಾಗಿ ಮಾಡುತ್ತಾನೆ. ಯಾತ್ರೆ ಊರಿಗೆ ಮರಳಿ ಊರಿನ ಕೆಲಸವಾಗುತ್ತದೆ.

ಅಕ್ಕಮಹಾದೇವಿಯ ವಿಷಯದಲ್ಲಿ ಆಕರಗಳು ದಾರಿಯ ಬಗ್ಗೆ ಭಿನ್ನವಾಗಿವೆ. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಅವಳು ಉಡುತಡಿಯಿಂದ ನೇರವಾಗಿ ಶ್ರೀಶೈಲಕ್ಕೆ ಹೋಗುತ್ತಾಳೆ, ಅವಳನ್ನು ಹುಡುಕಿಕೊಂಡು ತಂದೆತಾಯಿಗಳು ಅಲ್ಲಿಗೆ ಬರುತ್ತಾರೆ. ‘ಶೂನ್ಯಸಂಪಾದನೆ’ಯ ಪರಂಪರೆಯಲ್ಲಿ ಅವಳು ಕಲ್ಯಾಣಕ್ಕೆ ಹೋಗಿ, ಅಲ್ಲಮಪ್ರಭುವಿನ ಪ್ರಶ್ನೆಗಳನ್ನು ಎದುರಿಸಿ, ಅನಂತರ ಕದಳಿಗೆ ತೆರಳುತ್ತಾಳೆ. ದಾರಿ ಬೇರೆಯಾದರೂ ಗುರಿಯ ಬಗ್ಗೆ ಕವಿಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಲ್ಲಮನ ಬದುಕೂ ಕದಳಿಯಲ್ಲಿಯೇ ಕೊನೆಗೊಳ್ಳುತ್ತದೆ. ಗೋರಕ್ಷನೊಡನೆ ಅವನ ಮುಖಾಮುಖಿಯನ್ನೂ ಪರಂಪರೆ ಈ ಬೆಟ್ಟದಲ್ಲಿಯೇ ಇರಿಸಿದೆ. ಅಕ್ಕನ ಹೆಸರಿನ ಗುಹೆಗಳಿರುವುದು ಕೃಷ್ಣೆಯ ಮೇಲ್ಬದಿಯಲ್ಲಿ. ಹಿಂದೆ ಕಾಡಿನಲ್ಲಿ ನಡೆದೇ ತಲುಪಬೇಕಾಗಿದ್ದ ಆ ಕಡೆಗೆ ಅಣೆಕಟ್ಟಿನಿಂದ ಹಿನ್ನೀರು ನಿಂತ ಮೇಲೆ ಪಾತಾಳಗಂಗೆಯಿಂದ ದೋಣಿಯಲ್ಲಿ ಹೋಗುವ ರೂಢಿ ಬಂದಿದೆ. ಒಬ್ಬಂಟಿ ಹೆಣ್ಣೊಬ್ಬಳು ಹನ್ನೆರಡನೆಯ ಶತಮಾನದಲ್ಲಿ ಈ ಕಾಡನ್ನು ಹೊಕ್ಕಳೆಂಬ ಮಾತನ್ನು ಅಲ್ಲಿ ನಿಂತು ನೆನೆದಾಗ, ಕದಳಿ ಸಂಕೇತವಷ್ಟೇ ಎಂಬ ತರಗತಿಯ ಟಿಪ್ಪಣಿ ಸಾಲದೆನಿಸಿತು. ಅವಳ ನಿರ್ಧಾರದ ಬೆಲೆ ಏನೆಂಬುದನ್ನು ತತ್ತ್ವಕ್ಕಿಂತ ಮೊದಲು ಭೂಗೋಳವೇ ಹೇಳುತ್ತದೆ.

ತೆಲುಗಿನಲ್ಲಿಯೂ ಇದಕ್ಕೆ ಸಮಾನವಾದ ಸಾಕ್ಷ್ಯವಿದೆ. ಪಾಲ್ಕುರಿಕೆ ಸೋಮನಾಥನ ‘ಪಂಡಿತಾರಾಧ್ಯ ಚರಿತ್ರ’ದ ‘ಪರ್ವತ ಪ್ರಕರಣ’ ಶ್ರೀಶೈಲ ಯಾತ್ರೆಯನ್ನು ಸವಿಸ್ತಾರವಾಗಿ ವರ್ಣಿಸುತ್ತದೆ. ಜನರು ಹಾಡುವ ತುಮ್ಮೆದ ಪದ, ಪ್ರಭಾತ ಪದ, ಪರ್ವತ ಪದಗಳನ್ನು ಈ ಕೃತಿ ಹೆಸರಿಸಿದೆ. ಸೋಮನಾಥನು ಕನ್ನಡದಲ್ಲಿಯೂ ಬರೆದವನು. ಅವನ ಕಾಲದ ಯಾತ್ರಿಕರಿಗೆ ಎರಡು ಭಾಷೆಗಳು ಎರಡು ದೇಶಗಳಾಗಿರಲಿಲ್ಲ. ಜನರ ಬಾಯಲ್ಲಿದ್ದ ‘ಪರ್ವತ’ ಎಂಬ ಹೆಸರೇ 1794ರಲ್ಲಿ ಇಲ್ಲಿಗೆ ಬಂದ ಕಾಲಿನ್ ಮೆಕೆಂಜಿಯ ಕಿವಿಗೂ ಬಿದ್ದಿತು. ಅನಂತರ ಪ್ರಕಟವಾದ ಅವನ ಬರಹದ ಶೀರ್ಷಿಕೆಯಲ್ಲಿ ಊರಿನ ಹೆಸರು ‘ಪೆರ್ವತ್ತಂ’ ಎಂದಿದೆ.

4. ಮನೆಮಗಳು ಭ್ರಮರಾಂಬೆ

ಅರುಣಾಸುರನನ್ನು ಕೊಲ್ಲಲು ದುಂಬಿಯ ರೂಪ ತಾಳಿದವಳು ಭ್ರಮರಾಂಬೆ ಎಂಬುದು ಪುರಾಣ. ಗರ್ಭಗುಡಿಯ ಹಿಂದಿನ ಗೋಡೆಗೆ ಕಿವಿಗೊಟ್ಟರೆ ಈಗಲೂ ಝೇಂಕಾರ ಕೇಳುತ್ತದೆಂದು ಭಕ್ತರು ನಂಬುತ್ತಾರೆ. ಆದರೆ ಯುಗಾದಿಗೆ ಬರುವ ಕನ್ನಡಿಗರಿಗೆ ಅವಳು ಮೊದಲಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಹೊಸ ವರ್ಷಕ್ಕೆ ಮಗಳ ಮನೆಗೆ ಹೋಗುವ ತವರಿನವರಂತೆ ಅವರು ಸೀರೆ, ಕುಪ್ಪಸ, ಬಳೆ, ಅರಿಸಿನ, ಕುಂಕುಮ ತರುತ್ತಾರೆ. ಯುಗಾದಿಯ ಉತ್ಸವದಲ್ಲಿ ದೇವಿಗೆ ದಿನಕ್ಕೊಂದು ಅಲಂಕಾರ, ವಾಹನಸೇವೆ, ರಥೋತ್ಸವಗಳು ನಡೆಯುತ್ತವೆ. ಹಬ್ಬದ ಹಿಂದಿನ ರಾತ್ರಿ ವೀರಾಚಾರದ ಆಚರಣೆಗಳೂ ಅಗ್ನಿಗುಂಡ ಪ್ರವೇಶವೂ ಉಂಟು.

ಈ ಬಂಧುತ್ವದ ಕಲ್ಪನೆ ನಮ್ಮ ಪ್ರಶ್ನೆಗೆ ಉತ್ತರದ ಒಂದು ಭಾಗ. ಮಗಳನ್ನು ಕೊಟ್ಟ ಊರು ನಮ್ಮ ಊರಲ್ಲ. ಆದರೆ ಅಪರಿಚಿತ ಊರೂ ಅಲ್ಲ. ಅಲ್ಲಿ ನಮಗೆ ಒಡೆತನವಿಲ್ಲ, ಹಕ್ಕಿದೆ; ಹಕ್ಕಿನ ಜೊತೆಗೆ ಮರ್ಯಾದೆಯ ಹೊಣೆಯೂ ಇದೆ. ಶ್ರೀಶೈಲವನ್ನು ಕನ್ನಡಿಗರು ತಮ್ಮದೆನ್ನುವಾಗ ಆ ಮಾತಿನ ಹಿಂದಿರುವುದು ಗಡಿಯ ವಾದವಲ್ಲ, ಬೀಗತನದ ಭಾವ. ಹೇಮರಡ್ಡಿ ಮಲ್ಲಮ್ಮನ ಕಥೆಯೂ ಇದೇ ಭಾವವನ್ನು ಬೇರೊಂದು ಬಗೆಯಲ್ಲಿ ಹೇಳುತ್ತದೆ. ಅತ್ತೆಮನೆಯ ಕಷ್ಟವನ್ನು ಸಹಿಸಿದ ಆ ಸೊಸೆಗೆ ಮಲ್ಲಯ್ಯನೇ ಆಸರೆ; ಶ್ರೀಶೈಲದಲ್ಲಿ ‘ಮಲ್ಲಮ್ಮನ ಕಣ್ಣೀರು’ ಎಂಬ ನೀರಿನ ತಾಣವನ್ನು ಇಂದಿಗೂ ತೋರಿಸುತ್ತಾರೆ. ಅಲ್ಲಿ ನಿಂತ ಹೆಂಗಸರಿಗೆ ಅದು ಸ್ಥಳಪುರಾಣಕ್ಕಿಂತ ಹೆಚ್ಚಾಗಿ ತಮಗೆ ಗೊತ್ತಿರುವ ಮನೆಯ ಕಥೆ.

5. ಧೂಳಿ ದರ್ಶನ

ಶ್ರೀಶೈಲದ ವೈಶಿಷ್ಟ್ಯವೆಂದರೆ ಸ್ಪರ್ಶದರ್ಶನ. ಜಾತಿಭೇದವಿಲ್ಲದೆ ಭಕ್ತರು ಗರ್ಭಗುಡಿಯನ್ನು ಹೊಕ್ಕು ಲಿಂಗವನ್ನು ಮುಟ್ಟಿ ನಮಸ್ಕರಿಸುವ ಪದ್ಧತಿ ಇಲ್ಲಿ ಬಂದಿದೆ. ದೂರದಿಂದ ನಡೆದುಬಂದವರು ಕಾಲಿನ ಧೂಳಿನೊಡನೆಯೇ ದೇವರನ್ನು ಕಾಣುವುದಕ್ಕೆ ‘ಧೂಳಿ ದರ್ಶನ’ವೆಂದು ಹೆಸರು. ಶುದ್ಧಿ, ಮಡಿಗಳ ಸಾಮಾನ್ಯ ನಿಯಮವನ್ನು ಈ ಸಂಪ್ರದಾಯ ತಿರುವುಮುರುವು ಮಾಡುತ್ತದೆ. ದಾರಿಯ ಧೂಳು ಇಲ್ಲಿ ಮೈಲಿಗೆಯಲ್ಲ, ಅರ್ಹತೆ. ಕಾಯಕ್ಕೆ, ನಡೆಗೆ ಪ್ರಾಶಸ್ತ್ಯ ಕೊಟ್ಟ ಶರಣರು ಈ ಕ್ಷೇತ್ರದತ್ತ ಸೆಳೆಯಲ್ಪಟ್ಟುದು ಆಕಸ್ಮಿಕವಲ್ಲವೆಂದು ತೋರುತ್ತದೆ.

ಇಂದು ಯಾತ್ರಿಕರ ಸಂಖ್ಯೆ ಬೆಳೆದಂತೆ ಸ್ಪರ್ಶದರ್ಶನಕ್ಕೆ ಸಮಯ, ಟಿಕೆಟ್‌ಗಳ ನಿಯಮ ಬಂದಿದೆ. ಹಬ್ಬದ ದಟ್ಟಣೆಯ ದಿನಗಳಲ್ಲಿ ದೂರದಿಂದಲೇ ಅಲಂಕಾರ ದರ್ಶನ. ಲಕ್ಷಾಂತರ ಜನ ಸೇರುವಲ್ಲಿ ಸುರಕ್ಷತೆಯ ದೃಷ್ಟಿಯಿಂದ ಇದು ಅನಿವಾರ್ಯವೂ ಹೌದು. ಆದರೆ ಹದಿನೈದು ದಿನ ನಡೆದು ಬಂದವನು ಕೆಲವು ಕ್ಷಣ ದೂರದಿಂದ ನೋಡಿ ಮುಂದೆ ಸಾಗಬೇಕಾದಾಗ ಕಳೆದುಕೊಳ್ಳುವುದು ಸಣ್ಣದಲ್ಲ. ಮುಟ್ಟುವುದು ಅವನ ಯಾತ್ರೆಯ ವಾಕ್ಯಕ್ಕೆ ಕ್ರಿಯಾಪದವಿದ್ದಂತೆ.

6. ಬದಲಾಗುತ್ತಿರುವ ದಾರಿ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೋಟಾರು ರಸ್ತೆ ಮತ್ತು ಅಣೆಕಟ್ಟುಗಳು ಕ್ಷೇತ್ರದ ಸ್ವರೂಪವನ್ನು ಬದಲಿಸಿದವು. 1960ರಲ್ಲಿ ಆರಂಭವಾದ ಶ್ರೀಶೈಲ ಅಣೆಕಟ್ಟಿನ ಹಿನ್ನೀರಿನಲ್ಲಿ ಹಲವು ಊರುಗಳೂ ಗುಡಿಗಳೂ ಮುಳುಗಿದವು. ಚಾಲುಕ್ಯರ ಕಾಲದ ಕೂಡಲಿ ಸಂಗಮೇಶ್ವರ ದೇವಾಲಯವನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಲಾಯಿತು. ಬಸ್ಸಿನಲ್ಲಿ ಬರುವವರು ಶಿಖರೇಶ್ವರದಲ್ಲಿ ಇಳಿದು ನಂದಿಯ ಕೊಂಬುಗಳ ನಡುವಿನಿಂದ ಶಿಖರವನ್ನು ನೋಡುತ್ತಾರೆ. ಸಾಕ್ಷಿ ಗಣಪತಿಗೆ ತಾವು ಬಂದುದನ್ನು ತಿಳಿಸುತ್ತಾರೆ. ಕೈಯಲ್ಲಿ ಲೇಖನಿ ಹಿಡಿದ ಈ ಗಣಪತಿ ಬಂದವರ ಹೆಸರನ್ನು ಬರೆದುಕೊಳ್ಳುತ್ತಾನೆಂಬುದು ನಂಬಿಕೆ. ಇದೆಲ್ಲ ಒಂದೇ ದಿನದಲ್ಲಿ ಮುಗಿಯುತ್ತದೆ. ವೃದ್ಧರಿಗೂ ರೋಗಿಗಳಿಗೂ ರಸ್ತೆಯಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ನಡುವಿನ ಊರುಗಳೊಡನೆ ಯಾತ್ರಿಕನಿಗಿದ್ದ ಕೊಡುಕೊಳೆಯ ಸಂಬಂಧಕ್ಕೆ ಬಸ್ಸಿನ ಕಿಟಕಿಯಲ್ಲಿ ಎಡೆಯಿಲ್ಲ.

ಈ ಸಂಬಂಧ ಸಡಿಲವಾದರೆ ಏನಾಗಬಹುದೆಂಬುದಕ್ಕೆ 2022ರ ಮಾರ್ಚ್ ಕೊನೆಯಲ್ಲಿ ಶ್ರೀಶೈಲದಲ್ಲಿ ನಡೆದ ಘರ್ಷಣೆ ಒಂದು ಎಚ್ಚರಿಕೆ. ಯುಗಾದಿಗೆ ಬಂದ ಕನ್ನಡ ಯಾತ್ರಿಕರಿಗೂ ಸ್ಥಳೀಯ ವ್ಯಾಪಾರಿಗಳಿಗೂ ನಡುವೆ ಸಣ್ಣದಾಗಿ ಹುಟ್ಟಿದ ಜಗಳ ಬೆಳೆದು ಯಾತ್ರಿಕ ಯುವಕನೊಬ್ಬ ಗಾಯಗೊಂಡನು. ಅಂಗಡಿಗಳೂ ವಾಹನಗಳೂ ಹಾನಿಗೀಡಾದವು. ಆ ರಾತ್ರಿ ಎರಡು ಭಾಷೆಯವರು ಎರಡು ಪಕ್ಷಗಳಾದರು. ಅದೇ ವಾರ ಕರ್ನೂಲಿನ ಕಡೆಯ ತೆಲುಗು ಹಳ್ಳಿಗಳಲ್ಲಿ ಇದೇ ಯಾತ್ರಿಕರಿಗೆ ಅನ್ನ, ನೀರು ದೊರೆತಿತ್ತೆಂಬುದನ್ನು ಮರೆಯಬಾರದು. ಬೀಗರ ಊರಿನಲ್ಲಿ ನಡೆದುಕೊಳ್ಳಬೇಕಾದ ರೀತಿಯೊಂದಿದೆ. ಬೀಗರನ್ನು ನಡೆಸಿಕೊಳ್ಳಬೇಕಾದ ರೀತಿಯೂ ಒಂದಿದೆ. ಪರಂಪರೆ ಎರಡನ್ನೂ ಕಲಿಸಿತ್ತು.

ಒಟ್ಟಾರೆಯಾಗಿ ಹೇಳುವುದಾದರೆ, ಶ್ರೀಶೈಲವು ಕನ್ನಡಿಗರಿಗೆ ಆಪ್ತವಾದುದು ಅರಸರ ಆಳ್ವಿಕೆಯಿಂದ ಮಾತ್ರವಲ್ಲ, ಶರಣರು ಅಲ್ಲಿ ಐಕ್ಯರಾದರೆಂಬ ನಂಬಿಕೆಯಿಂದ ಮಾತ್ರವೂ ಅಲ್ಲ. ತಲೆಮಾರಿನಿಂದ ತಲೆಮಾರಿಗೆ ಕಾಲುಗಳು ಸವೆಸಿದ ದಾರಿ ಅದನ್ನು ಆಪ್ತವಾಗಿಸಿದೆ. ರಾಘವಾಂಕನ ಯಾತ್ರಿಕರು ಅಳುವ ಬಾಲಕನೊಬ್ಬನನ್ನು ಗುಂಪಿಗೆ ಸೇರಿಸಿಕೊಂಡು ನಡೆದರು. ಅವನು ಯಾರ ಮಗನೆಂದು ವಿಚಾರಿಸುವುದಕ್ಕಿಂತ ಅವನನ್ನು ಮಲ್ಲಯ್ಯನ ಬಳಿಗೆ ಮುಟ್ಟಿಸುವುದು ಅವರಿಗೆ ಮುಖ್ಯವಾಗಿತ್ತು. ಇಂದಿನ ಪಾದಯಾತ್ರೆಯಲ್ಲಿಯೂ ಹಿಂದೆ ಬಿದ್ದವರಿಗಾಗಿ ತಂಡ ನಿಲ್ಲುತ್ತದೆ. ಕ್ಷೇತ್ರದ ಶಾಸನಗಳನ್ನು, ಶಿಲ್ಪಗಳನ್ನು ದಾಖಲಿಸುವಷ್ಟೇ ಶ್ರದ್ಧೆಯಿಂದ ಈ ದಾರಿಯ ಹಾಡು, ಕಂಬಿಯ ಕಟ್ಟುಪಾಡು, ದಾಸೋಹದ ನೆಲೆಗಳನ್ನೂ ಕನ್ನಡ ಮತ್ತು ತೆಲುಗು ವಿದ್ವಾಂಸರು ಕೂಡಿ ದಾಖಲಿಸಬೇಕಾಗಿದೆ. ಕಲ್ಲಿನ ಗೋಡೆ ಇನ್ನಷ್ಟು ಶತಮಾನ ಉಳಿದೀತು. ನಡೆಯುವವರು ನಿಂತರೆ ಈ ದಾರಿ ಒಂದೆರಡು ಮಳೆಗಾಲಗಳಲ್ಲಿ ಕಾಡಾಗುತ್ತದೆ.